ಉಪ್ಪುನೀರಿನ ಮೀನು ಕೊಳ್ಳುವಾಗ ಮೊದಲು ಕಿವಿರನ್ನು ನೋಡಿ

ಕಲಬುರಗಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವವರು, ಇಡಬೇಕೆಂದಿರುವವರು ಇದನ್ನು ದಯವಿಟ್ಟು ಓದಬೇಕು. ನಮ್ಮೂರಿಗೆ ಕಡಲು ಬಹಳ ದೂರ. ಇಲ್ಲಿನ ಅಂಗಡಿಗಳಿಗೆ ಬರುವ ಕಡಲ ಮೀನು ದೊಡ್ಡ ನಗರಗಳ ವ್ಯಾಪಾರಿಗಳ ಕೈ ದಾಟಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ತಾಸುಗಟ್ಟಲೆ ಪ್ರಯಾಣ ಮಾಡಿ ತಲುಪಿರುತ್ತದೆ. ಹಾಗೆ ದಣಿದ ಮೀನಿನಲ್ಲಿ ರೋಗ ಬೇಗ ತಲೆಯೆತ್ತುತ್ತದೆ. ಆದರೆ ಮಾರುವವರು ಆ ರೋಗವನ್ನೂ ಪ್ರಯಾಣದ ದಣಿವೆಂದೇ ಹೇಳುವುದುಂಟು. ನಮಗೆ ಆದದ್ದು ಇದೇ.

ಕಳೆದ ಬೇಸಿಗೆಯಲ್ಲಿ ನಗರದ ಒಂದು ಅಂಗಡಿಯಿಂದ ಒಂದು ಜೋಡಿ ಕ್ಲೌನ್ ಮೀನು (ಬಿಳಿ ಪಟ್ಟೆಯ ಚಿಕ್ಕ ಕಡಲ ಮೀನು) ತಂದೆವು. ಅಂಗಡಿಯ ತೊಟ್ಟಿಯಲ್ಲೇ ಅವು ನೀರು ರಭಸವಾಗಿ ಬೀಳುವ ಮೂಲೆಗೆ ಅಂಟಿಕೊಂಡು ನಿಂತಿದ್ದವು, ಬಾಯಿ ತೆರೆದೇ ಇತ್ತು, ಕಿವಿರಿನ ಮುಚ್ಚಳ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಕೇಳಿದಾಗ, “ಏನೂ ಆಗಂಗಿಲ್ಲರಿ ಸರ್, ದಾರಿ ದಣಿವದ, ನಾಳಿಗಿ ತಿಂತಾವ” ಎಂಬ ಉತ್ತರ ಬಂತು. ತಿಂಗಳಿನಿಂದ ಇಲ್ಲೇ ಇವೆ ಎಂದೂ ಹೇಳಲಾಗಿತ್ತು. ಅವು ಹಿಂದಿನ ದಿನವಷ್ಟೇ ಬಂದವು ಎಂಬುದು ನಂತರ ಅಲ್ಲಿನ ಹುಡುಗನಿಂದಲೇ ತಿಳಿಯಿತು. ಮನೆಗೆ ತಂದ ಮೇಲೆ ಅವು ಆಹಾರ ಮುಟ್ಟಲಿಲ್ಲ, ಬಣ್ಣ ಮಂಕಾಯಿತು, ಮೈಮೇಲೆ ಬಿಳಿ ಲೋಳೆ ಪದರಪದರವಾಗಿ ಎದ್ದಿತು. ಅಂಗಡಿಯವರು ತಾಮ್ರದ ಔಷಧಿ ಕೊಟ್ಟು, ಇದ್ದ ತೊಟ್ಟಿಗೇ ಹಾಕಿರೆಂದರು. ಕ್ಲೌನ್‌ಗಳು ಉಳಿಯಲಿಲ್ಲ, ತೊಟ್ಟಿಯಲ್ಲಿ ಮೊದಲೇ ಇದ್ದ ಡ್ಯಾಮ್ಸೆಲ್ ಎಂಬ ಚಿಕ್ಕ ಕಡಲ ಮೀನುಗಳೂ ಸತ್ತವು, ತಾಮ್ರದಿಂದ ಸಿಗಡಿಗಳೂ ಹೋದವು.

ಆ ಲಕ್ಷಣಗಳೆಲ್ಲ ಬ್ರೂಕ್ಲಿನೆಲ್ಲಾ ಎಂಬ ಏಕಕೋಶ ಜೀವಿ ತರುವ ರೋಗಕ್ಕೆ ಹೊಂದುತ್ತವೆ. ಕ್ಲೌನ್ ಮೀನುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಸಾಕುವವರು ಇದನ್ನು ಕ್ಲೌನ್ ರೋಗವೆಂದೇ ಕರೆಯುತ್ತಾರೆ. ತಾಮ್ರಕ್ಕೆ ಇದು ಬಗ್ಗುವುದಿಲ್ಲ, ಇದಕ್ಕೆ ಬಳಸುವುದು ಫಾರ್ಮಲಿನ್ ಎಂಬ ರಾಸಾಯನಿಕ ದ್ರಾವಣ. ಸಮುದ್ರದ ಬಿಳಿಚುಕ್ಕೆ ರೋಗಕ್ಕೂ, ಪರಾವಲಂಬಿಯೇ ತರುವ ವೆಲ್ವೆಟ್ ಎಂಬ ಇನ್ನೊಂದು ರೋಗಕ್ಕೂ ತಾಮ್ರ ಕೆಲಸ ಮಾಡುತ್ತದೆ, ಆದರೆ ಅದನ್ನು ಬೇರೆ ತೊಟ್ಟಿಯಲ್ಲಿ, ಪರೀಕ್ಷಾ ಕಿಟ್‌ನಿಂದ ಅಳೆಯುತ್ತಲೇ ಕೊಡಬೇಕು. ಸಿಗಡಿ, ಬಸವನಹುಳು, ಹವಳ ಇರುವ ತೊಟ್ಟಿಗೆ ಅದು ವಿಷ. ರೋಗ ಯಾವುದೆಂದು ನೋಡದೆ ಒಂದೇ ಬಾಟಲಿಯನ್ನು ಎಲ್ಲಕ್ಕೂ ಮಾರುವ ಅಂಗಡಿಯನ್ನು ನಂಬಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಹೆಚ್ಚಿನವರು ಬಿಳಿ ಚುಕ್ಕೆಗಳನ್ನು ಮಾತ್ರ ಹುಡುಕುತ್ತಾರೆ. ಆದರೆ ಬ್ರೂಕ್ಲಿನೆಲ್ಲಾ, ವೆಲ್ವೆಟ್ ಎರಡೂ ಬಹುಪಾಲು ಕಿವಿರಿನಿಂದಲೇ ಆರಂಭವಾಗುತ್ತವೆ. ವೆಲ್ವೆಟ್‌ನ ನುಣ್ಣನೆಯ ಧೂಳು ಮೈಮೇಲೆ ಕಾಣುವ ಹೊತ್ತಿಗೆ ಮೀನು ಕೈಮೀರಿ ಹೋಗಿರಬಹುದು. ಬೆಳಕಿಗೆ ಅಳುಕುವುದು, ನೀರಿನ ಹರಿವಿಗೆ ಮುಖವೊಡ್ಡಿ ನಿಲ್ಲುವುದು ಅದರ ಮೊದಲ ಸೂಚನೆಗಳು. ಬಿಳಿಚುಕ್ಕೆಯದು ಇನ್ನೊಂದು ಮೋಸ. ಕೆಲವು ದಿನಗಳಲ್ಲಿ ಚುಕ್ಕೆಗಳು ತಾವಾಗಿಯೇ ಮಾಯವಾಗುತ್ತವೆ, ಅದನ್ನು ತೋರಿಸಿ ಗುಣವಾಯಿತು ಎನ್ನುತ್ತಾರೆ. ನಿಜದಲ್ಲಿ ಆ ಪರಾವಲಂಬಿ ಮೀನಿನ ಮೈ ಬಿಟ್ಟು ಮರಳಿಗೆ, ಕಲ್ಲಿಗೆ ಅಂಟಿಕೊಂಡು ಕೋಶ ಕಟ್ಟಿ, ಒಂದೊಂದರಿಂದ ನೂರಾರು ಮರಿಗಳಾಗಿ ಮತ್ತೆ ಮೀನನ್ನು ಹುಡುಕಿ ಬರುತ್ತದೆ. ಕೆಲವು ಕೋಶಗಳಿಂದ ಮರಿ ಹೊರಬರುವುದು 72 ದಿನಗಳವರೆಗೂ ತಡವಾದದ್ದುಂಟು; ಅದಕ್ಕಾಗಿಯೇ ಸೋಂಕಾದ ತೊಟ್ಟಿಯನ್ನು ಸುಮಾರು 11 ವಾರ ಮೀನಿಲ್ಲದೆ ಬಿಡಬೇಕೆನ್ನುತ್ತಾರೆ.

ಅಂಗಡಿಯಲ್ಲಿ ಅವಸರ ಮಾಡದೆ ತೊಟ್ಟಿಯ ಮುಂದೆ ನಿಲ್ಲಿ. ಉಸಿರಾಟ ಸಮನಾಗಿದೆಯೇ, ಒಂದೇ ಕಿವಿರು ಆಡುತ್ತಿದೆಯೇ, ಕಣ್ಣು ಮಬ್ಬಾಗಿದೆಯೇ ಅಥವಾ ಉಬ್ಬಿದೆಯೇ, ಕಲ್ಲಿಗೆ ಮೈ ಉಜ್ಜುತ್ತಿದೆಯೇ ಎಂದು ನೋಡಿ. ಬಲೆಗೆ ಸಿಕ್ಕಿ ಹರಿದ ಈಜುರೆಕ್ಕೆ ಒಳ್ಳೆಯ ನೀರಿನಲ್ಲಿ ಮತ್ತೆ ಬೆಳೆಯುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆ ರೆಕ್ಕೆಯ ಬುಡ ಕೆಂಪಾಗಿದ್ದರೆ, ಗಾಯದ ಅಂಚು ಬಿಳಿಚಿಕೊಂಡು ಹತ್ತಿಯಂತೆ ಎದ್ದಿದ್ದರೆ ಕೊಳ್ಳಬೇಡಿ. ಹೊಟ್ಟೆ ಒಳಗೆ ಸೇರಿ, ಕಣ್ಣಿನ ಹಿಂದಿನ ನೆತ್ತಿಯ ಭಾಗ ಕುಸಿದ ಮೀನು ಬಹುಕಾಲ ಉಪವಾಸವಿದ್ದದ್ದು, ಅದನ್ನು ಮತ್ತೆ ತಿನ್ನಿಸುವುದು ಕಷ್ಟ. ನಿಮ್ಮ ಎದುರಿಗೇ ಆಹಾರ ಹಾಕಿಸಿ. ತೋರಿಸಲು ಒಪ್ಪದಿದ್ದರೆ ಬರಿಗೈಯಲ್ಲಿ ಹಿಂತಿರುಗುವುದೇ ಲೇಸು. ನೀರಿನ ಲವಣಾಂಶವನ್ನೂ ಕೇಳಿ, ಏಕೆಂದರೆ ಕೆಲವು ಅಂಗಡಿಗಳು ಅದನ್ನು ತಗ್ಗಿಸಿ, ಸ್ವಲ್ಪ ತಾಮ್ರ ಬೆರೆಸಿ ರೋಗವನ್ನು ಅದುಮಿಟ್ಟಿರುತ್ತವೆ, ಮನೆಯ ನೀರಿಗೆ ಬಂದ ಮೇಲೆ ಅದು ಹೊರಬೀಳುತ್ತದೆ.

ಬೇಸಿಗೆಯಲ್ಲಿ ನಮ್ಮ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಕಿವಿರು ಕೆಟ್ಟ ಮೀನಿಗೆ ಕರೆಂಟು ಹೋದ ಒಂದು ಮಧ್ಯಾಹ್ನವೂ ಸಾಕು. ಸಾಧ್ಯವಾದರೆ ಖರೀದಿಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ದೂರದಿಂದ ತರಿಸಿದ ಚೀಲದ ಬಾಯಿ ತೆರೆದ ಮೇಲೆ ಮೀನನ್ನು ಬಹಳ ಹೊತ್ತು ಅದೇ ನೀರಿನಲ್ಲಿ ಬಿಡಬೇಡಿ. ಗಾಳಿ ತಾಗಿ ಇಂಗಾಲಾಮ್ಲ ಹೊರಹೋದೊಡನೆ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರುತ್ತದೆ, ಮೀನಿನ ವಿಸರ್ಜನೆಯಿಂದ ಅಲ್ಲಿ ಸೇರಿದ್ದ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಮೊದಲೇ ಅಂಗಡಿಯ ಲವಣಾಂಶಕ್ಕೆ ಹೊಂದಿಸಿಟ್ಟ ಪ್ರತ್ಯೇಕ ತೊಟ್ಟಿಗೆ ಮೀನನ್ನು ಮಾತ್ರ ಬಿಟ್ಟು, ಚೀಲದ ನೀರನ್ನು ಚೆಲ್ಲಿಬಿಡಿ. ನಾಲ್ಕರಿಂದ ಆರು ವಾರ ಅದು ಅಲ್ಲೇ ಇರಲಿ. ಆ ತೊಟ್ಟಿಯ ಬಲೆ, ಬಕೆಟ್, ಪೈಪು ಯಾವುದನ್ನೂ ದೊಡ್ಡ ತೊಟ್ಟಿಗೆ ಮುಟ್ಟಿಸಬೇಡಿ.