ಅಗ್ಗದ ಗಾಜಿನ ಸೈಫನ್ ಕಾಫಿ ಮೇಕರ್ ಕೊಳ್ಳುವ ಮುಂಚೆ ಇದನ್ನು ಓದಿ

ಆನ್‌ಲೈನಿನಲ್ಲಿ ಗಾಜಿನ ಸೈಫನ್ ಕಾಫಿ ಮೇಕರ್ ನೋಡಿ ಮರುಳಾಗಿ ಕಾರ್ಟಿಗೆ ಹಾಕಿದ್ದೀರಾ? ಸ್ವಲ್ಪ ತಡೆಯಿರಿ. ಕೆಳಗಿನ ಬುರುಡೆ ಯಾವ ಗಾಜಿನದು ಅಂತ ಗೊತ್ತಾಗುವ ತನಕ ದುಡ್ಡು ಕಟ್ಟಬೇಡಿ. ನಮ್ಮ ಮನೆಯಲ್ಲಿ ಅದು ಉರಿಯ ಮೇಲೇ ಒಡೆಯಿತು.

ಸೈಫನ್ ಅಂದರೆ ಒಂದರ ಮೇಲೊಂದು ಕೂತ ಎರಡು ಗಾಜಿನ ಪಾತ್ರೆ. ಕೆಳಗಿನ ಬುರುಡೆಯಲ್ಲಿ ನೀರು, ಅದರಡಿ ಸ್ಪಿರಿಟ್ ದೀಪ. ನೀರು ಕಾದಂತೆ ಒಳಗಿನ ಆವಿಯ ಒತ್ತಡ ಹೆಚ್ಚಿ, ನೀರು ಕೊಳವೆಯಲ್ಲಿ ಹತ್ತಿ ಮೇಲಿನ ಪಾತ್ರೆಗೆ ಹೋಗುತ್ತದೆ. ಅಲ್ಲಿ ಕಾಫಿಪುಡಿ ಹಾಕಿ ಕಲಕಬೇಕು. ದೀಪ ತೆಗೆದರೆ ಕೆಳಗಿನ ಆವಿ ತಣ್ಣಗಾಗಿ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಗಾಳಿಯೇ ಕಾಫಿಯನ್ನು ಬಟ್ಟೆ ಫಿಲ್ಟರಿನ ಮೂಲಕ ಕೆಳಕ್ಕೆ ದೂಡುತ್ತದೆ. 1830ರ ದಶಕದಲ್ಲಿ ಯುರೋಪಿನಲ್ಲಿ ಶುರುವಾದ ಈ ಉಪಾಯ ಜಪಾನಿನ ಕಾಫಿ ಅಂಗಡಿಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ನೋಡೋಕೆ ಮಜಾ. ರುಚಿಯೂ ಚೆನ್ನ, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರುವುದು ನನಗೆ ಕಳಿಸಿದ ಮಾಲಿನ ಬಗ್ಗೆ. ಜಾಹೀರಾತಿನಲ್ಲಿ ‘ಬೊರೊಸಿಲಿಕೇಟ್ ಗಾಜು’ ಅಂತ ದಪ್ಪ ಅಕ್ಷರದಲ್ಲಿತ್ತು. ಬಂದ ಡಬ್ಬದ ಮೇಲೆ ಆ ಮಾತೇ ಇಲ್ಲ. ಗಾಜಿನ ಮೇಲೂ ಯಾವ ಗುರುತೂ ಇಲ್ಲ. ಕೇಳಿದ್ದಕ್ಕೆ ಮಾರಿದವನು ‘ಎಲ್ಲಾ ಒಂದೇ ಸರ್, ಧೈರ್ಯವಾಗಿ ಬಳಸಿ’ ಅಂತ ಮೆಸೇಜ್ ಹಾಕಿದ. ಎಲ್ಲಾ ಒಂದೇ ಅಲ್ಲ. ಬಾಟಲಿ, ಕಿಟಕಿಗೆ ಹಾಕುವ ಮಾಮೂಲಿ ಗಾಜು ಬಿಸಿಗೆ ಎಷ್ಟು ಹಿಗ್ಗುತ್ತದೋ, ಬೊರೊಸಿಲಿಕೇಟ್ ಗಾಜು ಅದರ ಸುಮಾರು ಮೂರನೇ ಒಂದು ಪಾಲು ಮಾತ್ರ ಹಿಗ್ಗುತ್ತದೆ. ಶಾಲೆಯ ಲ್ಯಾಬಿನಲ್ಲಿ ಬೀಕರು ಉರಿ ತಡೆಯುತ್ತಿದ್ದುದು ಇದರಿಂದಲೇ. ಮಾಮೂಲಿ ಗಾಜಿನಲ್ಲಿ ಉರಿ ತಾಗಿದ ಜಾಗ ಜಾಸ್ತಿ ಹಿಗ್ಗುತ್ತದೆ, ಪಕ್ಕದ ಜಾಗ ಇದ್ದ ಹಾಗೇ ಇರುತ್ತದೆ. ಆ ಎಳೆದಾಟಕ್ಕೆ ಬಿರುಕು ಬಿಡುತ್ತದೆ.

ದೀಪದ್ದು ಇನ್ನೊಂದು ಗೋಳು. ಬತ್ತಿ ಸಡಿಲ, ಅದನ್ನು ಏರಿಸಿ ಇಳಿಸಲು ತಿರುಪೇ ಇಲ್ಲ. ಉರಿ ತಳದಲ್ಲಿ ನಿಲ್ಲದೆ ಬುರುಡೆಯ ಪಕ್ಕಗಳಿಗೂ ಹತ್ತುತ್ತಿತ್ತು. ನೀರೆಲ್ಲ ಮೇಲೆ ಹೋದಾಗ ಕೆಳಗೆ ಉಳಿಯುವುದೇ ಒಂಚೂರು ನೀರು. ಉಳಿದ ಕಡೆ ಖಾಲಿ ಗಾಜಿಗೆ ನೇರ ಉರಿ.

ಒಂದಷ್ಟು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಅದಕ್ಕೇ ಇಂಥ ಮಾಲಿಗೆ ಐದು ಸ್ಟಾರ್ ಬೀಳುವುದು, ಮೊದಲ ಕಾಫಿ ಕುಡಿದ ತಕ್ಷಣ ಜನ ಬರೆದುಬಿಡುತ್ತಾರೆ. ಒಂದು ಭಾನುವಾರ ಅಕ್ಕ, ಭಾವ ಬಂದಿದ್ದರು. ನೀರು ಪೂರ್ತಿ ಮೇಲೇರಿತ್ತು, ಪುಡಿ ಹಾಕಿ ಆಗಿತ್ತು. ‘ಟಕ್’ ಅಂತ ಸಣ್ಣ ಸದ್ದು, ಅಷ್ಟೇ. ಬುರುಡೆಯ ಕುತ್ತಿಗೆ ಕ್ಲ್ಯಾಂಪಿನಲ್ಲೇ ಉಳಿಯಿತು, ಹೊಟ್ಟೆ ಕಳಚಿ ದೀಪದ ಮೇಲೆ ಬಿತ್ತು. ಮೇಲಿನ ನೀರನ್ನು ಹಿಡಿದಿಟ್ಟಿದ್ದೇ ಕೆಳಗಿನ ಆವಿ ತಾನೆ? ಅದು ಹೋದ ಮೇಲೆ ಬಿಸಿ ಕಾಫಿಯೆಲ್ಲ ಕೆಳಗೆ ಸುರಿಯಿತು. ದೀಪ ಉರುಳಿ ಸ್ಪಿರಿಟ್ ಅಡುಗೆ ಕಟ್ಟೆಯ ಮೇಲೆ ಹರಡಿತು.

ಸ್ಪಿರಿಟ್ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಮೂಲೆಯಲ್ಲಿದ್ದ ನ್ಯೂಸ್‌ಪೇಪರ್ ಅಂಚು ಕಪ್ಪಾಗಿ ಸುರುಟಿಕೊಂಡಾಗಲೇ ಬೆಂಕಿ ಅಲ್ಲಿವರೆಗೆ ಹೋಗಿದೆ ಅಂತ ನಮಗೆ ಗೊತ್ತಾಗಿದ್ದು. ನನ್ನ ಹೆಂಡತಿ ಒದ್ದೆ ಟವೆಲ್ ಹೊದಿಸಿ ಆರಿಸಿದಳು. ಕಲ್ಲಿನ ಕಟ್ಟೆಯಾದ್ದರಿಂದ ಬಚಾವ್, ಊಟದ ಮರದ ಟೇಬಲ್ ಆಗಿದ್ದರೆ ಏನು ಗತಿಯೋ. ಭಾವನ ಮುಂಗೈಗೆ ಕಾಫಿ ಬಿದ್ದು ಬೊಬ್ಬೆ ಎದ್ದವು. ಪಕ್ಕದ ಮನೆಯವರು ಪಾಪ, ಟೂತ್‌ಪೇಸ್ಟ್ ಹಿಡಿದುಕೊಂಡೇ ಓಡಿ ಬಂದರು. ಸುಟ್ಟ ಗಾಯಕ್ಕೆ ಅದನ್ನು ಹಚ್ಚಲೇಬಾರದು. ನಲ್ಲಿ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಯಬೇಕು, ಆಮೇಲೆ ಡಾಕ್ಟರು. ‘ಸಾಕು ಬಿಡೋ ಮಾರಾಯ’ ಅಂತ ಭಾವ ಗೊಣಗುತ್ತಲೇ ಇದ್ದರು, ಅಕ್ಕ ಬಿಡಲಿಲ್ಲ.

ಇನ್ನು ಮಾರಿದವನ ಉತ್ತರ ಕೇಳಿ. ‘ಸಾಮಾನನ್ನು ಮೂಲ ಸ್ಥಿತಿಯಲ್ಲಿ, ಮೂಲ ಪ್ಯಾಕಿಂಗಿನಲ್ಲಿ ವಾಪಸ್ ಕಳಿಸಿದರೆ ಪರಿಶೀಲಿಸುತ್ತೇವೆ.’ ಚೂರಾದ ಗಾಜನ್ನು ಮೂಲ ಸ್ಥಿತಿಗೆ ತರುವುದು ಹೇಗೆ ಅಂತ ಮಾತ್ರ ಹೇಳಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ದುಡ್ಡು ಬಂತು. ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಲ್ಲು, ಒಡೆದ ಬುರುಡೆಯ ಫೋಟೋ ಇಟ್ಟುಕೊಂಡಿದ್ದು ಕೆಲಸಕ್ಕೆ ಬಂತು.

ಸೈಫನ್ ಬೇಕೇ ಬೇಕು ಅನ್ನುವವರು ಮೊದಲು ಒಂದು ವಿಷಯ ನೋಡಿ: ಆ ಕಂಪನಿ ಕೆಳಗಿನ ಬುರುಡೆಯನ್ನು ಬಿಡಿಯಾಗಿ ಮಾರುತ್ತದೆಯೇ? ಹ್ಯಾರಿಯೋದಂಥ ಹಳೆಯ ಗಾಜಿನ ಕಂಪನಿಗಳು ಮಾರುತ್ತವೆ. ಬಿಡಿ ಬುರುಡೆ ಸಿಗದ ಮಾಲನ್ನು ನಾನಂತೂ ಇನ್ನು ಮುಟ್ಟುವುದಿಲ್ಲ. ಫಿಲ್ಟರಿಗೆ ಕಟ್ಟಿದ ಸಣ್ಣ ಮಣಿಸರ ಬುರುಡೆಯ ತಳ ಮುಟ್ಟಬೇಕು. ಅದು ಅಲಂಕಾರಕ್ಕಲ್ಲ, ನೀರು ಒಮ್ಮೆಲೇ ಉಕ್ಕದೆ ಹದವಾಗಿ ಕುದಿಯಲಿ ಅಂತ ಇರುವುದು. ನಮಗೆ ಬಂದದ್ದರಲ್ಲಿ ಅದು ಗಾಳಿಯಲ್ಲಿ ನೇತಾಡುತ್ತಿತ್ತು. ಬುರುಡೆಯ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿಯೇ ದೀಪ ಇಡಿ. ಉರಿಯುತ್ತಿರುವ ಅಥವಾ ಬಿಸಿ ಇರುವ ದೀಪಕ್ಕೆ ಸ್ಪಿರಿಟ್ ತುಂಬುವ ಕೆಲಸ ಮಾತ್ರ ಬೇಡ.

ಪುಡಿಯ ವಿಷಯದಲ್ಲೂ ಹುಷಾರು. ನಮ್ಮ ಸ್ಟೀಲ್ ಫಿಲ್ಟರಿಗೆ ತರುವ ಚಿಕೋರಿ ಬೆರೆಸಿದ ನುಣ್ಣನೆ ಪುಡಿ ಇದಕ್ಕೆ ಆಗುವುದಿಲ್ಲ. ಬಟ್ಟೆ ಕಟ್ಟಿಕೊಂಡು ಕಾಫಿ ಮೇಲೇ ನಿಲ್ಲುತ್ತದೆ. ಹಾಗಾದಾಗ ಮೇಲಿನ ಪಾತ್ರೆಯನ್ನು ಅಲ್ಲಾಡಿಸಿ ಕೀಳಲು ಹೋಗಬೇಡಿ, ಬಿಸಿ ಕಾಫಿ ಮೈಮೇಲೆ ಬೀಳುತ್ತದೆ. ಪೂರ್ತಿ ತಣ್ಣಗಾಗಲಿ. ಅಂಗಡಿಯಲ್ಲಿ ಚಿಕೋರಿ ಇಲ್ಲದ್ದನ್ನು ಕೇಳಿ, ಸ್ವಲ್ಪ ತರಿಯಾಗಿ ಬೀಸಿಸಿಕೊಳ್ಳಿ.

ನನಗೆ ಬಂದ ಮಾಲು ಈಗಲೂ ಬೇರೆ ಬೇರೆ ಹೆಸರಿನಲ್ಲಿ ಮಾರಾಟದಲ್ಲಿದೆ, ಫೋಟೋ ಮಾತ್ರ ಅದೇ. ತಾಮ್ರದ ಬಣ್ಣದ ಸ್ಟ್ಯಾಂಡು, ಮರದ ಹಿಡಿ, ತಿರುಪಿಲ್ಲದ ಗಿಡ್ಡ ದೀಪ. ಇದೇ ನಿಮ್ಮ ಮನೆಗೆ ಈಗಾಗಲೇ ಬಂದಿದ್ದರೆ ಒಲೆ ಹತ್ತಿರ ಒಯ್ಯದೆ ವಾಪಸ್ ಕಳಿಸಿ. ಗಡುವು ಮುಗಿದಿದ್ದರೂ 1915ಕ್ಕೆ ಒಂದು ಫೋನ್ ಮಾಡಿ ನೋಡಿ.