ಮೆಟಾಲಿಕಾದ ‘72 ಸೀಸನ್ಸ್’: 77 ನಿಮಿಷದೊಳಗೆ ಅಡಗಿ ಕುಳಿತ 51 ನಿಮಿಷದ ಆಲ್ಬಂ

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ 2023ರ ಏಪ್ರಿಲ್ 14ರಂದು ಹೊರತಂದ ‘72 ಸೀಸನ್ಸ್’ನಲ್ಲಿ 12 ಹಾಡುಗಳಿವೆ. ಒಟ್ಟು ಅವಧಿ 77 ನಿಮಿಷ 10 ಸೆಕೆಂಡು. ಇದರಲ್ಲಿ 8 ಹಾಡುಗಳು ಗಟ್ಟಿ ಸರಕು. ಉಳಿದ ನಾಲ್ಕೂ ಬಿಡಿಬಿಡಿಯಾಗಿ ಕೇಳಿದರೆ ಕೆಟ್ಟವಲ್ಲ, ಆದರೆ ಅವು ಕೂತಿರುವ ಜಾಗ ಕೆಟ್ಟದು. ನಡುದಾರಿಯಲ್ಲೇ ಕಿವಿ ದಣಿದುಬಿಡುತ್ತದೆ, ಕಟ್ಟಕಡೆಗೆ ಬರುವ ಅತ್ಯುತ್ತಮ ಹಾಡಿನ ಹೊತ್ತಿಗೆ ಗಮನವೇ ಉಳಿದಿರುವುದಿಲ್ಲ. ‘ಅದದೇ ಮತ್ತೆ, ಬ್ಯಾಂಡ್ ಬೆಳೆದೇ ಇಲ್ಲ’ ಎಂಬ ದೂರು ಈ ಆಲ್ಬಂ ಬಗ್ಗೆ ತುಂಬ ಕೇಳಿಬಂತು. ಆ ದೂರಿನ ಮುಕ್ಕಾಲು ಪಾಲು ಹುಟ್ಟುವುದು ಹಾಡುಗಳ ಗುಣದಿಂದಲ್ಲ, ಅವುಗಳ ಉದ್ದದಿಂದ ಮತ್ತು ಜೋಡಿಸಿರುವ ಕ್ರಮದಿಂದ.

1981ರಲ್ಲಿ ಶುರುವಾದ ಬ್ಯಾಂಡಿನಿಂದ ಅಭಿಮಾನಿಗಳು ಏನು ಬಯಸುತ್ತಾರೆ ಎಂದು ನೋಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಹಳೆಯ ವೇಗ ಬೇಕು, ಆದರೆ ಹಳೆಯ ರಿಫ್ (ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರ್ ತುಣುಕು) ಮತ್ತೆ ಬರಬಾರದು. ಹೊಸ ದಾರಿ ಹಿಡಿಯಬೇಕು, ಆದರೆ ಗುರುತು ಸಿಗದಷ್ಟು ಬದಲಾಗಬಾರದು. ಇದು ಇವತ್ತಿನ ಜಗಳವೂ ಅಲ್ಲ. 1984ರಲ್ಲಿ ಎರಡನೇ ಆಲ್ಬಂನಲ್ಲೇ ಅಕೂಸ್ಟಿಕ್ ಗಿಟಾರಿನಿಂದ ಶುರುವಾಗುವ ನಿಧಾನದ ಹಾಡೊಂದು ಬಂದಾಗ ‘ಮಾರಿಕೊಂಡರು’ ಎಂದವರಿದ್ದರು. 1989ರಲ್ಲಿ ಮೊದಲ ವಿಡಿಯೊ ಮಾಡಿದಾಗ ಅದೇ ಮಾತು. 1991ರ ಕಪ್ಪು ಹೊದಿಕೆಯ ಆಲ್ಬಂನಲ್ಲಿ ಹಾಡುಗಳನ್ನು ಚಿಕ್ಕದು ಮಾಡಿ ವೇಗ ಇಳಿಸಿದಾಗ ಥ್ರ್ಯಾಶ್ ಎಂಬ ಅತಿವೇಗದ ಮೆಟಲ್ ಶೈಲಿಯ ಅಭಿಮಾನಿಗಳು ಮುನಿಸಿಕೊಂಡರು. ಅದು ಅಮೆರಿಕವೊಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. 1996ರ ‘ಲೋಡ್’ನಲ್ಲಿ ಶ್ರುತಿಯನ್ನು ಅರ್ಧ ಸ್ವರ ಇಳಿಸಿ, ಬ್ಲೂಸ್ ಕಡೆಗೆ ವಾಲಿ, ಕೂದಲನ್ನೂ ಕತ್ತರಿಸಿಕೊಂಡಾಗ ಜಗಳ ಸಂಗೀತವನ್ನು ದಾಟಿ ಕೂದಲಿಗೂ ಹೋಯಿತು. 2003ರ ‘ಸೇಂಟ್ ಆ್ಯಂಗರ್’ನಲ್ಲಿ ಹಾಡಿನ ನಡುವೆ ಗಿಟಾರ್ ಒಂಟಿಯಾಗಿ ಮೆರೆಯುವ ಸೋಲೋಗಳನ್ನೇ ತೆಗೆದುಹಾಕಿ, ಸ್ನೇರ್ ಡ್ರಮ್ಮಿನ ಕೆಳಗಿನ ತಂತಿಗಳನ್ನು ಸಡಿಲ ಬಿಟ್ಟು ಬಾರಿಸಿದರು. ಇಷ್ಟು ದೊಡ್ಡ ಬದಲಾವಣೆಗೆ ಸಿಕ್ಕ ಪ್ರತಿಕ್ರಿಯೆ ಎಷ್ಟು ಕಟುವಾಗಿತ್ತೆಂದರೆ, 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಬ್ಯಾಂಡ್ ಬೇಕೆಂದೇ ತನ್ನ 80ರ ದಶಕದ ಶೈಲಿಗೆ ಮರಳಿತು. ಅಲ್ಲಿಂದೀಚೆಗೆ ಸ್ವಂತ ಆಲ್ಬಂಗಳಲ್ಲಿ ಆ ಶೈಲಿಯ ಹೊರಗೆ ಕಾಲಿಟ್ಟಿಲ್ಲ. 2011ರಲ್ಲಿ ರಾಕ್ ಗಾಯಕ ಲೂ ರೀಡ್ ಜೊತೆ ಮಾಡಿದ ‘ಲುಲು’ ಬೇರೆಯೇ ಪ್ರಯೋಗ, ಅದನ್ನು ಈ ಸಾಲಿಗೆ ಸೇರಿಸುವಂತಿಲ್ಲ.

ಹಾಗಾಗಿ ‘72 ಸೀಸನ್ಸ್’ ಕೈಗೆತ್ತಿಕೊಳ್ಳುವಾಗ ‘ಬದಲಾಗಿದೆಯೇ?’ ಎಂಬ ಪ್ರಶ್ನೆ ಕೇಳುವುದಕ್ಕಿಂತ ‘ಯಾವ ಪದರದಲ್ಲಿ ಬದಲಾಗಿದೆ?’ ಎಂದು ಕೇಳುವುದು ಒಳ್ಳೆಯದು. ನಾದದ ಪದರದಲ್ಲಿ ಹೆಚ್ಚೇನೂ ಬದಲಾಗಿಲ್ಲ. 2016ರ ‘ಹಾರ್ಡ್‌ವೈರ್ಡ್’ ಮಾಡಿದ ಗ್ರೆಗ್ ಫಿಡೆಲ್‌ಮನ್ ಅವರೇ ಇಲ್ಲೂ ಗಾಯಕ-ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಡ್ರಮ್ ವಾದಕ ಲಾರ್ಸ್ ಉಲ್ರಿಕ್ ಜೊತೆ ನಿರ್ಮಾಪಕರು; ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿರುವ ಬ್ಯಾಂಡಿನ ಸ್ವಂತ ಜಾಗವೇ ಸ್ಟುಡಿಯೊ. ಎರಡೂ ಆಲ್ಬಂಗಳಲ್ಲಿ 12 ಹಾಡು, ಎರಡೂ 77 ನಿಮಿಷ. ಬದಲಾಗಿರುವುದು ಕೆಲಸದ ಹಂಚಿಕೆ. ‘ಹಾರ್ಡ್‌ವೈರ್ಡ್’ಗೆ ಮುಂಚೆ ಸೋಲೋ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಸುಮಾರು 250 ರಿಫ್‌ಗಳಿದ್ದ ಫೋನನ್ನು ಕಳೆದುಕೊಂಡಿದ್ದರು, ಆ ಆಲ್ಬಂನ ರಚನೆಯಲ್ಲಿ ಅವರ ಹೆಸರೇ ಇಲ್ಲ. ಈ ಸಲ ಹ್ಯಾಮೆಟ್ ಮತ್ತು ಬಾಸ್ ವಾದಕ ರಾಬರ್ಟ್ ಟ್ರುಹಿಯೊ ಇಬ್ಬರ ಹೆಸರೂ ರಚನಕಾರರಲ್ಲಿದೆ. ಇದು ಹೊದಿಕೆಯ ಮೇಲಿನ ಸಣ್ಣಕ್ಷರದ ವಿಚಾರವಲ್ಲ, ಕಿವಿಗೇ ಕೇಳಿಸುತ್ತದೆ.

ಮುಖ್ಯವಾಗಿ ಬಾಸ್. 1988ರ ಆಲ್ಬಂನಲ್ಲಿ ಆಗಿನ ಬಾಸ್ ವಾದಕ ಜೇಸನ್ ನ್ಯೂಸ್ಟೆಡ್ ನುಡಿಸಿದ ಬಾಸ್ ಮಿಶ್ರಣದಲ್ಲಿ ಮುಳುಗಿ ಇಲ್ಲವೇ ಇಲ್ಲ ಎಂಬಂತಾಗಿತ್ತು. ಈ ಬ್ಯಾಂಡಿನ ಚರಿತ್ರೆಯಲ್ಲಿ ಅದು ಇಂದಿಗೂ ಮಾಯದ ಗಾಯ. ಇಲ್ಲಿ ಬಾಸ್ ಮುಂದಿನ ಸಾಲಿನಲ್ಲಿ ನಿಂತಿದೆ. ‘ಸ್ಲೀಪ್‌ವಾಕ್ ಮೈ ಲೈಫ್ ಅವೇ’ ಶುರುವಾಗುವುದೇ ಬಾಸ್‌ನಿಂದ. ‘ಯೂ ಮಸ್ಟ್ ಬರ್ನ್’ನಲ್ಲಿ ಟ್ರುಹಿಯೊ ದನಿಯನ್ನೂ ಕೂಡಿಸಿದ್ದಾರೆ, ಹಾಡು ಬ್ರಿಟನ್ನಿನ ಹಳೆಯ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸಬತ್ ಮಾದರಿಯ ಭಾರದ ನಡಿಗೆಯಲ್ಲಿ ಸಾಗುತ್ತದೆ. ಇದನ್ನೆಲ್ಲ ಫೋನಿನ ಸ್ಪೀಕರ್‌ನಲ್ಲಿ ಕೇಳಿ ತೀರ್ಪು ಕೊಡಬೇಡಿ. ಬಾಸ್ ಗಿಟಾರಿನ ದಪ್ಪ ತಂತಿಯ ಬಿಡಿ ಸ್ವರ 41 ಹರ್ಟ್ಸ್ ಆಸುಪಾಸು. ಫೋನಿನ ಪುಟ್ಟ ಸ್ಪೀಕರ್ ಅಷ್ಟು ಕೆಳಗಿನ ನಾದವನ್ನು ಹೊರಡಿಸಲಾರದು, ಉಳಿಯುವುದು ಗಿಟಾರಿನ ಗರಗರ ಮಾತ್ರ. ಆಗ 12 ಹಾಡೂ ಒಂದೇ ಥರ ಕೇಳಿಸುವುದು ಸಹಜ. ಕಿವಿಯನ್ನು ಪೂರ್ತಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು, ಹಾಡು ಹಾಡಿನ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಹೆಟ್‌ಫೀಲ್ಡ್ ಅವರ ಬಲಗೈ ಇನ್ನೂ ಹಾಗೇ ಇದೆ. ತಂತಿಯನ್ನು ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯುತ್ತ, ಅಂಗೈ ಅಂಚಿನಿಂದ ನಾದವನ್ನು ಅದುಮಿ ಹಿಡಿಯುವ ಆ ಪಟ್ಟು ‘ಶ್ಯಾಡೋಸ್ ಫಾಲೋ’ದಲ್ಲಿ ಚೆನ್ನಾಗಿ ಕೇಳಿಸುತ್ತದೆ. ಆಲ್ಬಂ ಬಂದಾಗ ಅವರಿಗೆ 59 ವರ್ಷ. ದನಿಯೂ ಗಟ್ಟಿಯಾಗಿದೆ, ಮೇಲಿನ ಸ್ವರಗಳಿಗೆ ಒತ್ತಾಯದಿಂದ ಹೋಗಿಲ್ಲ. 72 ಋತುಗಳೆಂದರೆ ಬದುಕಿನ ಮೊದಲ 18 ವರ್ಷ. ಆ ವಯಸ್ಸಿನಲ್ಲಿ ತಲೆಗೆ ತುಂಬಿದ್ದನ್ನು ಮುಂದೆ ಹೊತ್ತು ತಿರುಗುವುದು, ಕತ್ತಲು, ಚಟ, ನಾಚಿಕೆ. ಇದೇ ವಸ್ತು ಹಾಡಿನಿಂದ ಹಾಡಿಗೆ ಬರುತ್ತದೆ. 80ರ ದಶಕದಲ್ಲಿ ಯುದ್ಧ, ನ್ಯಾಯ, ಮರಣದಂಡನೆ ಎಂದು ಹೊರಗೆ ಬೊಟ್ಟು ಮಾಡಿ ಬರೆಯುತ್ತಿದ್ದವರು ಈಗ ಬೊಟ್ಟನ್ನು ತಮ್ಮ ಕಡೆಗೇ ತಿರುಗಿಸಿಕೊಂಡಿದ್ದಾರೆ. ಈ ಬ್ಯಾಂಡ್ ನಿಜವಾಗಿ ಬೆಳೆದಿರುವುದು ಇಲ್ಲಿ. ವೇಗ ಅಳೆಯುವವರ ಗಮನಕ್ಕೆ ಇದು ಬರುವುದೇ ಇಲ್ಲ ಎಂಬುದು ಬೇಸರದ ಸಂಗತಿ.

ಇನ್ನು ಸೋಲೋಗಳು. ಇಲ್ಲಿ ಅಭಿಮಾನಿಗಳ ಅಸಮಾಧಾನ ನ್ಯಾಯವಾದದ್ದೇ. 1986ರ ಹೊತ್ತಿನ ಹ್ಯಾಮೆಟ್ ಸೋಲೋಗಳನ್ನು ಮೊದಲೇ ಕಟ್ಟಿಕೊಂಡು ಬರುತ್ತಿದ್ದರು: ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು, ಯಾವ ಸ್ವರದ ಮೇಲೆ ಮುಗಿಸಬೇಕು ಎಂಬ ಲೆಕ್ಕವಿರುತ್ತಿತ್ತು. ಹಾಗಾಗಿಯೇ ಆ ಸೋಲೋಗಳನ್ನು ಬಾಯಲ್ಲಿ ಗುನುಗಬಹುದು. ಈಗ ಆ ಕ್ಷಣಕ್ಕೆ ಬಂದದ್ದನ್ನು ನುಡಿಸುವುದೇ ಇಷ್ಟ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಮನೋಧರ್ಮಕ್ಕೆ ಬಿಟ್ಟುಕೊಡುವುದು ತಪ್ಪಲ್ಲ. ಆದರೆ ಪ್ರತಿ ಸಲವೂ ಐದು ಸ್ವರಗಳ ಅದೇ ಪೆಂಟಟಾನಿಕ್ ಚೌಕಟ್ಟು, ಗಿಟಾರ್ ‘ವಾ ವಾ’ ಎಂದು ಅಳುವಂತೆ ಮಾಡುವ ಅದೇ ವಾ-ವಾ ಪೆಡಲ್ ಆದರೆ ಮನೋಧರ್ಮ ಅಭ್ಯಾಸವಾಗಿಬಿಡುತ್ತದೆ. ಹಾಡಿನ ಸ್ವರಮೇಳ ಕೆಳಗೆ ಬದಲಾದರೂ ಸೋಲೋ ಅದನ್ನು ಗಮನಿಸದೆ ತನ್ನ ಪಾಡಿಗೆ ಓಡುವ ಜಾಗಗಳಿವೆ. ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂಬ ಮಾತು ಈ ಆಲ್ಬಂನಲ್ಲಿ ಯಾವುದಕ್ಕಾದರೂ ಒಪ್ಪುವುದಾದರೆ ಈ ಸೋಲೋಗಳಿಗೆ. ಎರಡು ಗಿಟಾರ್ ಜೊತೆಯಾಗಿ, ಸ್ವರಾಂತರ ಕಾಯ್ದುಕೊಂಡು ನುಡಿಸುವ ‘ರೂಮ್ ಆಫ್ ಮಿರರ್ಸ್’ನ ಭಾಗ ಎಷ್ಟು ಹೊಳೆಯುತ್ತದೆ ನೋಡಿ. ಅಲ್ಲಿ ಮೊದಲೇ ಬರೆದುಕೊಂಡ ಮಟ್ಟು ಇದೆ.

ಡ್ರಮ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಾರ್ಸ್ ಉಲ್ರಿಕ್ ತೊಡಕಿನ ನಡೆಗಳನ್ನು ಬಿಟ್ಟು ಹಾಡನ್ನು ಮುಂದಕ್ಕೆ ತಳ್ಳುವ ಸರಳ ಪೆಟ್ಟುಗಳಿಗೆ ನಿಂತಿದ್ದಾರೆ. ಸ್ನೇರ್ ನಾದ ಚೊಕ್ಕವಾಗಿದೆ.

ಉದ್ದದ ವಿಷಯ ಮಾತ್ರ ಬಿಡುವಂತಿಲ್ಲ, ಏಕೆಂದರೆ ನಿರೀಕ್ಷೆ ಹಳಿ ತಪ್ಪುವುದು ಇಲ್ಲೇ. 1984ರ ಆಲ್ಬಂ 8 ಹಾಡು, ಸುಮಾರು 47 ನಿಮಿಷ. 1986ರದ್ದೂ 8 ಹಾಡು, 55 ನಿಮಿಷದೊಳಗೆ. ಆಗ ಆಲ್ಬಂ ಎಂದರೆ ಎರಡು ಮುಖದ ಒಂದು ವಿನೈಲ್ ತಟ್ಟೆ. ಉದ್ದ ಮಾಡಿದರೆ ನಾದ ಕ್ಷೀಣಿಸುತ್ತದೆ ಎಂಬ ಕಟ್ಟುಪಾಡು ತಾನೇ ಸಂಪಾದಕನಂತೆ ಕೆಲಸ ಮಾಡುತ್ತಿತ್ತು. ಸಿಡಿ ಬಂದಾಗ ಸುಮಾರು 80 ನಿಮಿಷದ ಜಾಗ ಸಿಕ್ಕಿತು. 1996ರ ‘ಲೋಡ್’ ಹೆಚ್ಚುಕಡಿಮೆ 79 ನಿಮಿಷ, 2003ರದ್ದು 75, 2008ರದ್ದು ಹತ್ತಿರಹತ್ತಿರ 75, ಆಮೇಲಿನ ಎರಡೂ 77. ಇದರ ಜೊತೆಗೆ ಆಲ್ಬಂಗಳ ನಡುವಿನ ಬಿಡುವೂ ಬೆಳೆಯಿತು: 2003ರಿಂದ 2008, ಅಲ್ಲಿಂದ 2016, ಅಲ್ಲಿಂದ 2023. ಏಳೆಂಟು ವರ್ಷ ಕಾದವರಿಗೆ ಕಡಿಮೆ ಕೊಡಬಾರದು ಎಂದು ಬ್ಯಾಂಡ್ ಎಲ್ಲವನ್ನೂ ತಟ್ಟೆಗೆ ಬಡಿಸುತ್ತದೆ. ಅಷ್ಟು ಕಾದವರು ಒಂದೇ ಕೂತಿನಲ್ಲಿ ಎಲ್ಲವನ್ನೂ ಮುಗಿಸಲು ನೋಡುತ್ತಾರೆ. ಅಜೀರ್ಣವಾಗುತ್ತದೆ.

ಈ ಆಲ್ಬಂನಲ್ಲಿ ಅಜೀರ್ಣ ಶುರುವಾಗುವ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಆರನೆಯದಾದ ‘ಲಕ್ಸ್ ಎಟರ್ನಾ’ 3 ನಿಮಿಷ 22 ಸೆಕೆಂಡಿನಲ್ಲಿ ಮಿಂಚಿ ಮುಗಿಯುತ್ತದೆ. ಅದಾದ ಮೇಲೆ ‘ಕ್ರೌನ್ ಆಫ್ ಬಾರ್ಬ್ಡ್ ವೈರ್’, ‘ಚೇಸಿಂಗ್ ಲೈಟ್’, ‘ಇಫ್ ಡಾರ್ಕ್‌ನೆಸ್ ಹ್ಯಾಡ್ ಎ ಸನ್’ ಒಂದರ ಹಿಂದೊಂದು ಬರುತ್ತವೆ. ಮೂರೂ ಮಧ್ಯಮ ಕಾಲದ ಆಸುಪಾಸಿನವು, ಮೂರೂ ಸೇರಿ 19 ನಿಮಿಷ ಮೀರುತ್ತವೆ. ಇಡೀ ಆಲ್ಬಂನಲ್ಲಿ ಒಂದೂ ಬ್ಯಾಲಡ್, ಎಂದರೆ ನಿಧಾನದ ಭಾವಪೂರ್ಣ ಹಾಡು, ಇಲ್ಲ, ಹಾಗಾಗಿ ಕಿವಿಗೆ ಉಸಿರಾಡಲು ಎಲ್ಲೂ ಜಾಗ ಸಿಗುವುದಿಲ್ಲ. ಮೂರನೆಯದಂತೂ ರಿಫ್ ಚೆನ್ನಾಗಿದ್ದೂ ಪೀಠಿಕೆಯನ್ನು ಎಳೆದು ಎಳೆದು, ಒಂದೇ ಪದದ ಕೂಗನ್ನು ಮತ್ತೆ ಮತ್ತೆ ತಂದು ತನ್ನ ಕಸುವನ್ನು ತಾನೇ ಕಳೆದುಕೊಳ್ಳುತ್ತದೆ.

ಮಾಡಬೇಕಾದದ್ದು ಸುಲಭ. ಈ ಮೂರನ್ನೂ ‘ಸ್ಲೀಪ್‌ವಾಕ್ ಮೈ ಲೈಫ್ ಅವೇ’ಯನ್ನೂ ಬದಿಗಿಟ್ಟು ಬೇರೆ ಪಟ್ಟಿ ಮಾಡಿಕೊಳ್ಳಿ. ಶೀರ್ಷಿಕೆ ಹಾಡು (7:39), ‘ಶ್ಯಾಡೋಸ್ ಫಾಲೋ’ (6:12), ‘ಸ್ಕ್ರೀಮಿಂಗ್ ಸೂಯಿಸೈಡ್’ (5:30), ‘ಯೂ ಮಸ್ಟ್ ಬರ್ನ್’ (7:03), ‘ಲಕ್ಸ್ ಎಟರ್ನಾ’ (3:22), ‘ಟೂ ಫಾರ್ ಗಾನ್’ (4:34), ‘ರೂಮ್ ಆಫ್ ಮಿರರ್ಸ್’ (5:34), ಕೊನೆಗೆ ‘ಇನಮೊರಾಟಾ’ (11:10). ಕೂಡಿದರೆ 51 ನಿಮಿಷ 4 ಸೆಕೆಂಡು. 8 ಹಾಡು, 80ರ ದಶಕದ ಅಳತೆ. ಕ್ರಮ ಬದಲಿಸುವ ಅಗತ್ಯವಿಲ್ಲ, ಬ್ಯಾಂಡ್ ಇಟ್ಟ ಕ್ರಮದಲ್ಲೇ ಇವು ಚೆನ್ನಾಗಿ ಕೂರುತ್ತವೆ. ‘ಸ್ಲೀಪ್‌ವಾಕ್’ ಬಾಸ್ ಪೀಠಿಕೆಯನ್ನು ಬಿಡುವುದು ಹೊಟ್ಟೆ ಉರಿಸುತ್ತದೆ ನಿಜ, ಆದರೆ ಅದನ್ನು ಸೇರಿಸಿದರೆ ‘ಯೂ ಮಸ್ಟ್ ಬರ್ನ್’ ಜೊತೆ ಸೇರಿ 14 ನಿಮಿಷದ ಭಾರ ಒಂದೇ ಕಡೆ ಬೀಳುತ್ತದೆ. ಬಿಟ್ಟ ನಾಲ್ಕನ್ನು, ಒಟ್ಟು 26 ನಿಮಿಷ, ಇನ್ನೊಂದು ದಿನ ಕೇಳಿ. ಆಗ ಅವುಗಳ ಮೇಲೂ ಗೌರವ ಬರುತ್ತದೆ.

‘ಇನಮೊರಾಟಾ’ಕ್ಕಾಗಿ ಇಷ್ಟೆಲ್ಲ. ಬ್ಯಾಂಡಿನ ಸ್ವಂತ ರಚನೆಗಳಲ್ಲಿ ಇದೇ ಅತಿ ಉದ್ದದ್ದು, ಆದರೂ ಉದ್ದವೆನಿಸುವುದಿಲ್ಲ. ಸಂಕಟವನ್ನೇ ಪ್ರೇಯಸಿಯೆಂದು ಕರೆಯುವ ಹಾಡು. ನಿಧಾನಕ್ಕೆ ತೂಗುವ ರಿಫ್, ನಡುವೆ ಗಿಟಾರ್‌ಗಳೆಲ್ಲ ಹಿಂದೆ ಸರಿದು ಬಾಸ್ ಮತ್ತು ಮೆಲುವಾದ ತಾಳ ಮಾತ್ರ ಉಳಿಯುವ ಘಟ್ಟ, ಅಲ್ಲಿಂದ ಜೋಡಿ ಗಿಟಾರ್ ಮೇಲೇಳುವ ಬಗೆ. ಇಲ್ಲಿ ಅವಸರವಿಲ್ಲ, ತಾವು ಇನ್ನೂ ಯುವಕರೆಂದು ತೋರಿಸುವ ಹಟವೂ ಇಲ್ಲ. ‘ಬದಲಾಗಿರಿ’ ಎಂದವರಿಗೂ ‘ಬದಲಾಗಬೇಡಿ’ ಎಂದವರಿಗೂ ಒಟ್ಟಿಗೆ ಕೊಟ್ಟ ಉತ್ತರ ಈ 11 ನಿಮಿಷದಲ್ಲಿದೆ. ಮುಂದಿನ ಆಲ್ಬಂ ಈ ದಿಕ್ಕಿನಲ್ಲಿ ಹೋಗಲಿ ಎಂದು ಆಸೆಪಡಲು ಗಟ್ಟಿ ಕಾರಣವಿದೆ.

ಯಾವ ರೂಪದಲ್ಲಿ ಕೊಳ್ಳಬೇಕು? ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಹಳೆಯ ಆಲ್ಬಂಗಳ ಜೊತೆ ಹೋಲಿಸುವಾಗ ದನಿಮಟ್ಟ ಸಮಗೊಳಿಸುವ ಆಯ್ಕೆಯನ್ನು ಚಾಲೂ ಇಡಿ. ಇಲ್ಲದಿದ್ದರೆ ಜೋರಾಗಿ ಮಾಸ್ಟರ್ ಮಾಡಿದ್ದೇ (ಕೊನೆಯ ಹಂತದಲ್ಲಿ ದನಿಮಟ್ಟ ಏರಿಸಿದ್ದೇ) ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ದನಿಯನ್ನು ಒಡೆಯುವ ಮಟ್ಟಕ್ಕೆ ಹಿಂಡಿದ್ದರು, ‘ಗಿಟಾರ್ ಹೀರೋ’ ಎಂಬ ವಿಡಿಯೊ ಆಟದಲ್ಲಿದ್ದ ಅದೇ ಹಾಡುಗಳು ಹೆಚ್ಚು ನಿರಾಳವಾಗಿದ್ದುದರಿಂದ ಅಭಿಮಾನಿಗಳು ಅದನ್ನೇ ಹುಡುಕಿಕೊಂಡು ಹೋದರು. ‘72 ಸೀಸನ್ಸ್’ ಜೋರಾಗಿದೆ, ಆದರೆ ಒಡೆಯುವುದಿಲ್ಲ. ಸಿಡಿಯಲ್ಲಿ ಇಡೀ ಆಲ್ಬಂ ಒಂದೇ ತಟ್ಟೆಯಲ್ಲಿದೆ, ಬೇಡದ ಹಾಡು ದಾಟುವುದೂ ಸುಲಭ. ಹೆಚ್ಚಿನವರಿಗೆ ಇದೇ ಸರಿ. ವಿನೈಲ್ ಎರಡು ತಟ್ಟೆ, ಮುಖಕ್ಕೆ ಮೂರು ಹಾಡು. ಮೂರು ಹಾಡಿಗೊಮ್ಮೆ ಎದ್ದು ಮುಖ ತಿರುಗಿಸಬೇಕಾಗುವುದರಿಂದ ಸಿಡಿಯಲ್ಲಿ ಸಿಗದ ಬಿಡುವು ತಾನಾಗಿ ಸಿಗುತ್ತದೆ, ನಡುವಿನ ಆ ಮೂರು ಹಾಡುಗಳಿರುವ ಮೂರನೇ ಮುಖವನ್ನು ಪೂರ್ತಿ ಬಿಟ್ಟು ನಾಲ್ಕನೆಯದಕ್ಕೆ ಹೋಗಲೂಬಹುದು. ತೊಡಕೆಂದರೆ ನಾಲ್ಕನೇ ಮುಖವೇ ಎಲ್ಲಕ್ಕಿಂತ ಉದ್ದ, 21 ನಿಮಿಷ ದಾಟುತ್ತದೆ, ‘ಇನಮೊರಾಟಾ’ ಅದರ ಕೊನೆಯಲ್ಲಿದೆ. ತಟ್ಟೆಯ ಒಳಸುತ್ತುಗಳಲ್ಲಿ ಮುಳ್ಳಿನ ಕೆಳಗೆ ಹಾಯುವ ಗೀರಿನ ವೇಗ ಕಡಿಮೆಯಾಗುವುದರಿಂದ ಮೇಲಿನ ನಾದ ಒರಟಾಗುತ್ತದೆ, ಬಾಸ್ ಒಂಟಿಯಾಗುವ ಮೆಲುವಾದ ಘಟ್ಟದಲ್ಲಿ ಧೂಳಿನ ಚಟಪಟವೂ ಮೇಲೆ ಬರುತ್ತದೆ. ಆ ಮುಖ ಹಾಕುವ ಮುನ್ನ ತಟ್ಟೆಯನ್ನು ಕಾರ್ಬನ್ ಬ್ರಷ್‌ನಿಂದ ಒರೆಸಿ, ಮುಳ್ಳು ಸವೆದಿದ್ದರೆ ಬದಲಿಸಿ, ಮುಳ್ಳನ್ನು ಹಿಡಿದಿರುವ ಕಾರ್ಟ್ರಿಡ್ಜ್ ನೇರವಾಗಿ ಕೂತಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.