ತಾಮ್ರದ ತಂತಿ ಅಳೆಯುವವಳು ಕೇಳಿದ ಪಾಠ: ಎನ್‌ಪಿಟೆಲ್‌ನ ‘ಫಿಸಿಕ್ಸ್ ಆಫ್ ಮೆಟೀರಿಯಲ್ಸ್’

ಕೇಬಲ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ದಿನವಿಡೀ ತಾಮ್ರದ ತಂತಿಯ ರೆಸಿಸ್ಟೆನ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಅಳೆಯುವುದು ನನ್ನ ಕೆಲಸ. ಬಂದ ರೀಡಿಂಗನ್ನು 20 ಡಿಗ್ರಿಗೆ ಲೆಕ್ಕ ಹಾಕಿ ರಿಜಿಸ್ಟರಿಗೆ ಬರೆಯುತ್ತೇವೆ. "ಬಿಸಿಯಾದ್ರೆ ರೆಸಿಸ್ಟೆನ್ಸ್ ಯಾಕ್ ಜಾಸ್ತಿ ಆಗುತ್ತೆ ಮೇಡಂ?" ಅಂತ ಹೊಸ ಟ್ರೈನಿ ಹುಡುಗಿ ಕೇಳಿದಾಗ ಲೆಕ್ಕದ ಟೇಬಲ್ ತೋರಿಸಿದೆ, ಉತ್ತರ ಹೇಳಲಾಗಲಿಲ್ಲ. ಆ ರಾತ್ರಿಯೇ ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟೆಲ್‌ನಲ್ಲಿ ಈ ಕೋರ್ಸ್ ಹುಡುಕಿದೆ.

ಪಾಠ ಮಾಡುವವರು ಐಐಟಿ ಮದ್ರಾಸಿನ ಮೆಟಲರ್ಜಿ ಮತ್ತು ಮೆಟೀರಿಯಲ್ಸ್ ವಿಭಾಗದ ಪ್ರೊಫೆಸರ್ ಪ್ರತಾಪ್ ಹರಿದಾಸ್. ಮುಂದೆ ಅಲ್ಲೇ ಕೋರ್ಸುಗಳ ಡೀನ್ ಆದರು. ಯಾವ ಪಾಠದ ಹಿಂದೆ ಯಾವುದು ಬರಬೇಕು ಅನ್ನುವುದರಲ್ಲಿ ಇವರಿಗಿರುವ ಕಾಳಜಿ ನೋಡಿದರೆ, ಆ ಹುದ್ದೆ ಸರಿಯಾದ ಕೈಗೇ ಹೋಯಿತು ಅನಿಸುತ್ತದೆ.

ವಾಹಕತೆ ಅಳೆಯುವಾಗಿನ ತೊಡಕುಗಳಿಗೇ ಶುರುವಿನಲ್ಲಿ ಒಂದು ಪಾಠ ಇಟ್ಟಿದ್ದಾರೆ. ನನಗೆ ನಂಬಿಕೆ ಬಂದದ್ದೇ ಅಲ್ಲಿ. 1 ಚದರ ಮಿ.ಮೀ. ತಾಮ್ರದ ತಂತಿಗೆ ಒಂದು ಮೀಟರಿಗೆ ಸುಮಾರು 0.017 ಓಮ್. ನನ್ನ ಸಾದಾ ಮಲ್ಟಿಮೀಟರಿನ ಎರಡು ಲೀಡ್ ಒಂದಕ್ಕೊಂದು ಮುಟ್ಟಿಸಿದರೆ ಸಾಕು, ಅದರ ಹತ್ತು ಪಟ್ಟಿಗೂ ಹೆಚ್ಚು ತೋರಿಸುತ್ತದೆ. ಲೀಡುಗಳದ್ದೇ ತಡೆ ಲೆಕ್ಕಕ್ಕೆ ಸೇರದಿರಲಿ ಅಂತಲೇ ಕರೆಂಟಿಗೆ ಎರಡು, ವೋಲ್ಟೇಜಿಗೆ ಬೇರೆ ಎರಡು ತುದಿ ಹಚ್ಚುವುದು.

ಕೋರ್ಸಿನ ಜೀವ ಇರುವುದು ಡ್ರೂಡ್ ಪಾಠಗಳಲ್ಲಿ. 1900ರಲ್ಲಿ ಜರ್ಮನ್ ಭೌತವಿಜ್ಞಾನಿ ಪಾಲ್ ಡ್ರೂಡ್ ಲೋಹದೊಳಗಿನ ಎಲೆಕ್ಟ್ರಾನುಗಳನ್ನು ಅನಿಲದಂತೆ ಭಾವಿಸಿ ಲೆಕ್ಕ ಹಾಕಿದ. ಕರೆಂಟು ಚೆನ್ನಾಗಿ ಹರಿಯುವ ಲೋಹದಲ್ಲಿ ಶಾಖವೂ ಚೆನ್ನಾಗಿ ಹರಿಯುವುದಕ್ಕೆ ಆ ಲೆಕ್ಕ ಹೊಂದುತ್ತದೆ. ಎಲೆಕ್ಟ್ರಾನುಗಳು ಎಷ್ಟು ಶಾಖ ಹೀರುತ್ತವೆ ಅಂದಾಗ ಮಾತ್ರ ಮುಗ್ಗರಿಸುತ್ತದೆ. ಹಳೆಯ ಸಿದ್ಧಾಂತ ಅಂತ ಇವರು ಅದನ್ನು ದಾಟಿ ಹೋಗುವುದಿಲ್ಲ. ಯಾವ ಊಹೆ ಕೈಕೊಟ್ಟಿತು ಅಂತ ನಮ್ಮನ್ನೇ ಹುಡುಕಲು ಹಚ್ಚುತ್ತಾರೆ. ತಾಮ್ರದ ಫರ್ಮಿ ಶಕ್ತಿ, ಅಂದರೆ ಎಲೆಕ್ಟ್ರಾನುಗಳು ತುಂಬಿಕೊಂಡಿರುವ ಶಕ್ತಿಮಟ್ಟಗಳ ಮೇಲಿನ ಅಂಚು, ಸುಮಾರು 7 ಎಲೆಕ್ಟ್ರಾನ್ ವೋಲ್ಟ್, ಕೋಣೆಯ ಬಿಸಿ ಕೊಡುವುದು ಬರೀ 0.025ರಷ್ಟು. ಆ ಅಂಚಿನ ಕೆಲವು ಎಲೆಕ್ಟ್ರಾನುಗಳಿಗಷ್ಟೇ ಅದನ್ನು ಹೀರಿ ಏರಲು ಜಾಗವಿದೆ. ಒಳಗಿನವು ತುಂಬಿದ ಬಸ್ಸಿನ ನಡುವೆ ನಿಂತವರ ಹಾಗೆ, ಕದಲುವಂತಿಲ್ಲ. (ಬಸ್ಸಿನ ಹೋಲಿಕೆ ನನ್ನದು.)

ರೆಸಿಪ್ರೋಕಲ್ ಸ್ಪೇಸ್ (ಹರಳಿನೊಳಗಿನ ಪರಮಾಣುಗಳ ಜೋಡಣೆಯನ್ನು ಅಲೆಗಳ ಲೆಕ್ಕದಲ್ಲಿ ನೋಡುವ ಗಣಿತ) ಪಾಠಗಳು ಡಿಪ್ಲೊಮಾ ಗಣಿತದವರಿಗೆ ಕಷ್ಟ. ಪೆನ್ನು ಕಾಗದ ಹಿಡಿದು ಮೂರು ಸಲ ಕೇಳಿದೆ. ಪಾಠ ಇಂಗ್ಲಿಷಿನಲ್ಲಿದೆ, ನೋಡಲು ದುಡ್ಡಿಲ್ಲ.

ಬಿಸಿಯಾದಷ್ಟೂ ಪರಮಾಣುಗಳು ಹೆಚ್ಚು ಅದುರಿ ಎಲೆಕ್ಟ್ರಾನುಗಳ ದಾರಿ ಕೆಡಿಸುತ್ತವೆ ಅಂತ ಟ್ರೈನಿಗೆ ಹೇಳಿದೆ. "ಹಾಗಾದ್ರೆ ತಣ್ಣಗೆ ಮಾಡ್ತಾನೇ ಹೋದ್ರೆ?" ಅಂದಳು. ತುಂಬ ತಣ್ಣಗಾದಾಗ ರೆಸಿಸ್ಟೆನ್ಸೇ ಇಲ್ಲವಾಗುವ ವಸ್ತುಗಳ, ಅಂದರೆ ಸೂಪರ್‌ಕಂಡಕ್ಟರುಗಳ, ಪಾಠವನ್ನು ಈಗ ಇಬ್ಬರೂ ಊಟದ ಬಿಡುವಿನಲ್ಲಿ ನೋಡುತ್ತಿದ್ದೇವೆ.